ಕಮೋಡಿನ ಟ್ಯಾಂಕಿನ ಮೇಲೆಯೇ ಬೇಸಿನ್: ಮುಂಬೈಯ ಮೂರಡಿ-ನಾಲ್ಕಡಿ ಶೌಚಾಲಯಕ್ಕೆ ಹೊಂದೀತೆ?

ಘಾಟ್‌ಕೋಪರ್ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಘಾಟ್‌ಕೋಪರ್ ಪೂರ್ವದಲ್ಲಿ ನಾಲ್ಕು ಮಹಡಿಯ ಹಳೆಯ ಕಟ್ಟಡ. ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲ ಪಕ್ಕದ ಪ್ಯಾಸೇಜಿನಲ್ಲಿ ಬಚ್ಚಲು ಬೇರೆ, ಶೌಚಾಲಯ ಬೇರೆ. ಶೌಚಾಲಯದ ಒಳ ಅಳತೆ ಮೂರಡಿ ಅಗಲ, ನಾಲ್ಕಡಿ ಉದ್ದ. ಈಗ ಇರುವುದು ನೆಲಮಟ್ಟದ ಪ್ಯಾನ್ ಮತ್ತು ತಲೆಯ ಮೇಲೆ ಸರಪಳಿ ಎಳೆಯುವ ಬೀಡುಕಬ್ಬಿಣದ ಟ್ಯಾಂಕ್. ಅತ್ತೆಯವರ ಮೊಣಕಾಲು ಕೈಕೊಟ್ಟಿರುವುದರಿಂದ ಕಮೋಡ್ ಹಾಕಿಸದೆ ಗತ್ಯಂತರವಿಲ್ಲ. ಹೇಗೂ ಒಡೆಯುವುದೇ ಆದರೆ ಅಲ್ಲಿಯೇ ಕೈ ತೊಳೆಯುವ ಏರ್ಪಾಡು ಕೂಡ ಆಗಲಿ ಎಂಬುದು ಮನೆಯವರೆಲ್ಲರ ಆಸೆ. ಈಗ ಅಡುಗೆಮನೆಯ ಸಿಂಕಿನಲ್ಲಿಯೇ ಕೈ ತೊಳೆಯಬೇಕು. ಅದು ಅತ್ತೆಗೂ ಸರಿಬರುವುದಿಲ್ಲ, ನನಗೂ ಸರಿಬರುವುದಿಲ್ಲ.

ಜಪಾನಿನಲ್ಲಿ ಫ್ಲಶ್ ಟ್ಯಾಂಕಿನ ಮುಚ್ಚಳವೇ ಪುಟ್ಟ ಬೇಸಿನ್ ಆಗಿರುವ ವಿಡಿಯೊ ನೋಡಿದೆ. ಕೈ ತೊಳೆದ ನೀರು ಟ್ಯಾಂಕಿಗೆ ಇಳಿದು ಮುಂದಿನ ಫ್ಲಶ್‌ಗೆ ಬಳಕೆಯಾಗುತ್ತದೆ. ಜಾಗವೂ ಉಳಿಯಿತು, ನೀರೂ ಉಳಿಯಿತು. ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಎರಡು ತಾಸು, ಸಂಜೆ ಒಂದು ತಾಸು ನೀರು ಬಿಡುತ್ತಾರೆ. ಉಳಿದ ಹೊತ್ತಿಗೆಲ್ಲ ಮನೆಯೊಳಗೆ ಅಟ್ಟದ ಮೇಲಿಟ್ಟ ಲಾಫ್ಟ್ ಟ್ಯಾಂಕೇ ಗತಿ. ಇಲ್ಲಿ ಯಾರಾದರೂ ಇದನ್ನು ಹಾಕಿಸಿದ್ದೀರಾ?

ಡೊಂಬಿವಲಿ ಲೋಕಲ್

ಹಾಕಿಸಿಲ್ಲ, ಆದರೆ ಹಾಕಿಸಿಕೊಂಡವರ ಮನೆಗೆ ಹೋಗಿದ್ದೇನೆ. ಫ್ಲಶ್ ಒತ್ತಿದ ಕೂಡಲೇ ಮೇಲಿನ ನಲ್ಲಿಯಲ್ಲಿ ತಾನಾಗಿಯೇ ನೀರು ಬರುತ್ತದೆ, ಟ್ಯಾಂಕ್ ತುಂಬಿದ ಮೇಲೆ ತಾನಾಗಿಯೇ ನಿಲ್ಲುತ್ತದೆ. ನಲ್ಲಿ ತಿರುಗಿಸಲು ಕೈ ತಾಗಿಸಬೇಕಾಗಿಯೇ ಇಲ್ಲ. ನನಗಂತೂ ಬಹಳ ಹಿಡಿಸಿತು. ಕಣ್ಣು ಮುಚ್ಚಿ ಹಾಕಿಸಿ.

ಠಾಣೆ ಕೊಳಾಯಿ

ಕಣ್ಣು ಮುಚ್ಚಿ ಏನನ್ನೂ ಹಾಕಿಸಬೇಡಿ. ಕಟ್ಟಡಗಳ ನೀರಿನ ವ್ಯವಸ್ಥೆಯನ್ನು ವಿನ್ಯಾಸ ಮಾಡುವುದೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ಸಲಕರಣೆ ಕೆಲಸ ಮಾಡುವ ಬಗೆ ಸರಳವಾಗಿದೆ. ಸಾಮಾನ್ಯ ಫ್ಲಶ್ ಟ್ಯಾಂಕಿನಲ್ಲಿ ಗೋಡೆಯ ಪೈಪಿಗೆ ಕೂರಿಸಿದ ಪುಟ್ಟ ನಲ್ಲಿ, ಅಂದರೆ ಆಂಗಲ್ ಕಾಕ್‌ನಿಂದ ಬಂದ ನೀರು ಟ್ಯಾಂಕ್ ತುಂಬಿದೊಡನೆ ನೀರು ನಿಲ್ಲಿಸುವ ಫಿಲ್ ವಾಲ್ವ್ ಮೂಲಕ ನೇರವಾಗಿ ಟ್ಯಾಂಕಿಗೆ ಬೀಳುತ್ತದೆ. ಇಲ್ಲಿ ಅದೇ ನೀರನ್ನು ಒಂದು ಕೊಳವೆಯಲ್ಲಿ ಮೇಲಕ್ಕೆ ಹತ್ತಿಸಿ, ಬಾಗಿದ ನಲ್ಲಿಯಿಂದ ಬೇಸಿನ್ನಿಗೆ ಬೀಳಿಸಿ, ಅಲ್ಲಿಂದ ತೂತಿನ ಮೂಲಕ ಟ್ಯಾಂಕಿಗೆ ಇಳಿಸುತ್ತಾರೆ. ಅಂದರೆ ನೀವು ಕೈ ಒಡ್ಡಿದರೂ ಒಡ್ಡದಿದ್ದರೂ ಅಷ್ಟು ನೀರು ಟ್ಯಾಂಕಿಗೆ ಹೋಗಲೇಬೇಕು. ದಾರಿಯಲ್ಲಿ ಸಿಕ್ಕಿದ ನೀರಿನಲ್ಲಿ ಕೈ ತೊಳೆದುಕೊಳ್ಳುತ್ತೀರಿ, ಅಷ್ಟೇ. ಅದು ಶುದ್ಧ ನೀರೇ, ಕೊಳಕು ನೀರಲ್ಲ. ಈ ವಿಷಯದಲ್ಲಿ ಅನೇಕರಿಗೆ ಗೊಂದಲವಿದೆ.

ಮುಂಬೈಯ ತೊಂದರೆ ಒತ್ತಡದ್ದು. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 0.1 ಬಾರ್. ನಿಮ್ಮ ಲಾಫ್ಟ್ ಟ್ಯಾಂಕಿನ ತಳ ನೆಲದಿಂದ ಏಳಡಿ ಮೇಲಿದೆ ಎಂದುಕೊಳ್ಳೋಣ. ಟ್ಯಾಂಕಿನ ಮೇಲಿನ ನಲ್ಲಿಯ ಬಾಯಿ ಮೂರಡಿಗಿಂತ ತುಸು ಮೇಲಿರುತ್ತದೆ. ನಡುವಿನ ವ್ಯತ್ಯಾಸ ಹೆಚ್ಚೆಂದರೆ ಒಂದೂಕಾಲು ಮೀಟರ್. ಆಮದು ಮಾಡಿದ ಎಷ್ಟೋ ಫಿಲ್ ವಾಲ್ವ್‌ಗಳು ಸರಿಯಾಗಿ ತೆರೆದುಕೊಳ್ಳಲು ಇದರ ಮೂರು-ನಾಲ್ಕು ಪಟ್ಟು ಒತ್ತಡ ಕೇಳುತ್ತವೆ. ಸೊಸೈಟಿಯ ನೀರು ಬಿಟ್ಟ ಹೊತ್ತಿನಲ್ಲಿ ಚೆನ್ನಾಗಿ ಬರುತ್ತದೆ. ಉಳಿದ ಇಪ್ಪತ್ತೊಂದು ತಾಸು ತೊಟ್ಟಿಕ್ಕುತ್ತದೆ. ಕೈಗೆ ಸೋಪು ಹಚ್ಚಿಕೊಂಡು ಆ ತೊಟ್ಟಿಕ್ಕುವ ನೀರಿನ ಕೆಳಗೆ ಕಾಯುವುದು ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ.

ಪರಿಹಾರವಿಲ್ಲ ಎಂದಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ, ದೊಡ್ಡ ತೂತಿನ ಬಾಲ್ ಕಾಕ್ (ತೇಲುವ ಚೆಂಡಿನ ಫಿಲ್ ವಾಲ್ವ್) ಸಿಗುತ್ತದೆ. ಮೇಲೇರುವ ಕೊಳವೆ ಪೆನ್ಸಿಲಿನಷ್ಟು ಸಣ್ಣದಾಗಿರದೆ ಅರ್ಧ ಇಂಚಿನದಾಗಿರಬೇಕು. ಅಂಗಡಿಯವನನ್ನು ಇವೆರಡನ್ನೂ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿ.

ಮಾಟುಂಗಾ ಹಳಬಳು

ಒತ್ತಡದ ವಿಚಾರ ಹಾಗಿರಲಿ. ಕಮೋಡಿನ ಮೇಲೆ ಬಗ್ಗಿ ಕೈ ತೊಳೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಇದನ್ನು ಮಡಿವಂತಿಕೆ ಎಂದು ತಳ್ಳಿಹಾಕುವವರು ತಳ್ಳಿಹಾಕಲಿ. ನಮ್ಮ ಮನೆಗಳಲ್ಲಿ ಬೇಸಿನ್ ಎಂದರೆ ಕೈಗೆ ಮಾತ್ರವಲ್ಲ. ಮುಖ ತೊಳೆಯುತ್ತೇವೆ, ಬಾಯಿ ಮುಕ್ಕಳಿಸುತ್ತೇವೆ, ಬೆಳಿಗ್ಗೆ ನಾಲಿಗೆ ಉಜ್ಜಿ ಕ್ಯಾಕರಿಸುತ್ತೇವೆ. ಅದೆಲ್ಲ ಫ್ಲಶ್ ಟ್ಯಾಂಕಿನೊಳಗೆ ಹೋಗಿ ಕೂರಬೇಕೆ? ಜಪಾನಿನವರು ಅಲ್ಲಿ ಬಾಯಿ ಮುಕ್ಕಳಿಸುತ್ತಾರೆಯೇ, ಯಾರಾದರೂ ಹೇಳಿ.

ಇನ್ನೊಂದು ಮಾತು. ವಿಡಿಯೊದಲ್ಲಿ ಕಾಣುವ ಶೌಚಾಲಯಗಳಲ್ಲಿ ನೆಲ ಒಣಗಿರುತ್ತದೆ. ನಮ್ಮಲ್ಲಿ ಚೊಂಬು ಇದೆ, ಜೆಟ್ ಇದೆ, ದಿನಕ್ಕೊಮ್ಮೆ ಪೂರ್ತಿ ತೊಳೆಯುವ ಕೆಲಸದವಳಿದ್ದಾಳೆ. ಆ ಲೋಕಕ್ಕೆ ಮಾಡಿದ ವಸ್ತುವನ್ನು ತಂದು ಈ ಲೋಕದಲ್ಲಿ ಕೂರಿಸುವ ಮುನ್ನ ಯೋಚಿಸಿ.

ವಾಶಿ, ಹಿಂದೆ ನಗೋಯಾ

ಮಾಟುಂಗಾದವರ ಪ್ರಶ್ನೆ ಸರಿಯಾದದ್ದು. ನಾನು ಜಪಾನಿನಲ್ಲಿದ್ದ ಮನೆಯಲ್ಲಿ ಇದು ಇತ್ತು. ಅಲ್ಲಿ ಶೌಚಾಲಯ ಬೇರೆಯದೇ ಸಣ್ಣ ಕೋಣೆ. ಹಲ್ಲುಜ್ಜುವ, ಮುಖ ತೊಳೆಯುವ ದೊಡ್ಡ ಬೇಸಿನ್ ಬಚ್ಚಲಿನ ಹೊರಗೆ ಬೇರೆ ಕಡೆ ಇರುತ್ತದೆ. ಟ್ಯಾಂಕಿನ ಮೇಲಿನದು ಕೈಯನ್ನು ಒಮ್ಮೆ ಹಾಗೆಯೇ ನೀರಿಗೆ ಒಡ್ಡಲು ಮಾತ್ರ. ಅಲ್ಲಿ ಬಾಯಿ ಮುಕ್ಕಳಿಸುವುದನ್ನು ನಾನು ಕಂಡಿಲ್ಲ, ಸೋಪು ಕೂಡ ಅನೇಕ ಮನೆಗಳಲ್ಲಿ ಅಲ್ಲಿ ಇಟ್ಟಿರುವುದಿಲ್ಲ. ಟೋಟೋ ಮೊದಲಾದ ಕಂಪನಿಗಳು ಇಂಥವನ್ನು ಈಗಲೂ ಮಾಡುತ್ತವೆ. ಆದರೆ ಹೊಸ ಮನೆಗಳಲ್ಲಿ ಟ್ಯಾಂಕೇ ಕಾಣದ ಕಮೋಡುಗಳು ಹೆಚ್ಚುತ್ತಿವೆ, ಅಲ್ಲಿ ಗೋಡೆಗೆ ಬೇರೆಯಾಗಿ ಪುಟ್ಟ ಬೇಸಿನ್ ಹಾಕುತ್ತಾರೆ.

ಮುಚ್ಚಳ ತೆಗೆದು ಟ್ಯಾಂಕನ್ನು ತೊಳೆಯುತ್ತಿದ್ದುದರಿಂದ ಒಂದು ವಿಷಯ ಗೊತ್ತು. ಸೋಪಿನ ನೀರು ಇಳಿಯುವ ಟ್ಯಾಂಕಿನ ಗೋಡೆಗೆ ಬೂದು ಬಣ್ಣದ ಜಾರುವ ಪದರ ಕಟ್ಟುತ್ತದೆ. ದಿನಕ್ಕೆ ಹತ್ತಾರು ಬಾರಿ ಫ್ಲಶ್ ಆಗುವ ಮನೆಯಲ್ಲಿ ವಾಸನೆ ಬರುವುದಿಲ್ಲ, ಏಕೆಂದರೆ ನೀರು ನಿಲ್ಲುವುದೇ ಇಲ್ಲ. ಒಂದು ವಾರ ಊರಿಗೆ ಹೋಗಿ ಬಂದರೆ ಬಾಗಿಲು ತೆರೆದಾಗಲೇ ತಿಳಿಯುತ್ತದೆ. ಊರಿಗೆ ಹೊರಡುವ ದಿನ ಕೊನೆಯ ಸಲ ಸೋಪಿಲ್ಲದೆ ಫ್ಲಶ್ ಮಾಡಿ ಹೊರಡಬೇಕು. ಕ್ಲೋರಿನ್ ಬಿಲ್ಲೆ ಹಾಕಬೇಡಿ. ಒಳಗಿನ ರಬ್ಬರ್ ವಾಷರ್ ಬೇಗ ಹಾಳಾಗಿ ಟ್ಯಾಂಕ್ ಸೋರಲು ತೊಡಗುತ್ತದೆ.

ವಾಕಡ್ ಟ್ಯಾಂಕರ್

ಪುಣೆಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹೊಸ ಸೊಸೈಟಿಗಳವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ಇಲ್ಲಿ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಎರಡು ಪೈಪುಗಳಿರುತ್ತವೆ. ಒಂದು ಸಾಮಾನ್ಯ ನೀರು. ಇನ್ನೊಂದು ಫ್ಲಶ್‌ಗೆ ಮಾತ್ರ, ಅದರಲ್ಲಿ ಬರುವುದು ಕಟ್ಟಡದ ಕೆಳಗಿನ ಘಟಕದಲ್ಲಿ ಸಂಸ್ಕರಿಸಿದ ಕೊಳಚೆ ನೀರು. ಕಮೋಡಿನ ಹಿಂದಿನ ಆಂಗಲ್ ಕಾಕ್‌ಗೆ ಸೇರಿರುವುದು ಆ ಎರಡನೆಯ ಪೈಪು. ಅದಕ್ಕೆ ಈ ಜಪಾನೀ ಮುಚ್ಚಳ ಕೂರಿಸಿದರೆ ಸಂಸ್ಕರಿಸಿದ ಕೊಳಚೆ ನೀರಿನಲ್ಲಿಯೇ ಕೈ ತೊಳೆದುಕೊಂಡಂತಾಯಿತು. ಅಂಗಡಿಯವನು ಇದನ್ನು ಹೇಳುವುದಿಲ್ಲ. ಪ್ಲಂಬರ್ ಕೂಡ ಹೇಳುವುದಿಲ್ಲ, ಅವನು ಇರುವ ಪೈಪಿಗೆ ಜೋಡಿಸಿ ಹೋಗುತ್ತಾನೆ. ಫ್ಲಶ್ ಪೈಪಿನಲ್ಲಿ ಬೋರ್‌ವೆಲ್ ನೀರು ಮಾತ್ರ ಬರುವ ಕಟ್ಟಡಗಳೂ ಇವೆ. ಅಲ್ಲಿ ಕೈಗೆ ಅಪಾಯವಿಲ್ಲದಿದ್ದರೂ ನಲ್ಲಿಯ ಬಾಯಿಗೆ ಸುಣ್ಣದ ಹೊಪ್ಪಳೆ ಕಟ್ಟಿ ಕೆಲವೇ ತಿಂಗಳಲ್ಲಿ ಧಾರೆ ಅಡ್ಡಾದಿಡ್ಡಿ ಚಿಮ್ಮುತ್ತದೆ.

ಠಾಣೆ ಕೊಳಾಯಿ

ವಾಕಡ್‌ನವರು ಹೇಳಿದ್ದು ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತಿ ಮುಖ್ಯ ಮಾತು. ಘಾಟ್‌ಕೋಪರಿನ ಹಳೆಯ ಕಟ್ಟಡದಲ್ಲಿ ಆ ಭಯವಿಲ್ಲ. ಆದರೂ ಕೇಳಿಕೊಳ್ಳಿ.

ಘಾಟ್‌ಕೋಪರ್ ಸೊಸೆ

ಕೇಳಿದೆ. ನಮ್ಮದು ಒಂದೇ ಪೈಪು, ಪಾಲಿಕೆಯ ನೀರು. ಲಾಫ್ಟ್ ಟ್ಯಾಂಕಿನ ತಳ ಏಳಡಿಗೆ ಒಂದಿಂಚು ಕಡಿಮೆ. ಠಾಣೆಯವರು ಕಣ್ಣಾರೆ ನೋಡಿದ ಹಾಗೆ ಬರೆದಿದ್ದೀರಿ.

ಈಗ ನೀರಿನ ಲೆಕ್ಕ ಹೇಳಿ. ನಾಲ್ಕು ಜನ. ನಿಜಕ್ಕೂ ಎಷ್ಟು ಉಳಿಯುತ್ತದೆ?

ಠಾಣೆ ಕೊಳಾಯಿ

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಒಬ್ಬರಿಗೆ ದಿನಕ್ಕೆ ಬೇಕಾದ ನೀರಿನಲ್ಲಿ 45 ಲೀಟರನ್ನು ಫ್ಲಶ್‌ಗೆಂದೇ ಎತ್ತಿಡುತ್ತದೆ. ನಾಲ್ವರಿಗೆ 180. ನಿಮ್ಮ ಹಳೆಯ ಬೀಡಿನ ಟ್ಯಾಂಕ್ ಒಂದು ಸಲಕ್ಕೆ ಕನಿಷ್ಠ 10 ಲೀಟರ್ ಸುರಿಯುತ್ತದೆ. ತಲೆಗೆ ಐದು ಸಲ ಎಂದು ಹಿಡಿದರೆ ದಿನಕ್ಕೆ ಇಪ್ಪತ್ತು ಫ್ಲಶ್, 200 ಲೀಟರ್. ಸಂಹಿತೆಯ ಅಂದಾಜಿಗೆ ಹತ್ತಿರವೇ ಇದೆ.

ಈಗ ಇದರ ಬದಲು 6 ಮತ್ತು 3 ಲೀಟರಿನ ಎರಡು ಗುಂಡಿಯ ಟ್ಯಾಂಕ್ ಹಾಕಿದಿರಿ ಎನ್ನಿ. ಇಪ್ಪತ್ತರಲ್ಲಿ ನಾಲ್ಕು ದೊಡ್ಡದು, ಹದಿನಾರು ಸಣ್ಣದು. 24 ಮತ್ತು 48 ಸೇರಿ 72 ಲೀಟರ್. ದಿನಕ್ಕೆ 128 ಲೀಟರ್ ಉಳಿಯಿತು.

ಟ್ಯಾಂಕಿನ ಮೇಲಿನ ಬೇಸಿನ್ ಉಳಿಸುವುದು ಕೈ ತೊಳೆಯುವ ನೀರನ್ನು ಮಾತ್ರ. ಒಂದು ಸಲಕ್ಕೆ ಒಂದು ಲೀಟರ್ ಎಂದರೂ ದಿನಕ್ಕೆ 20 ಲೀಟರ್. ಸಾಮಾನ್ಯ ಬೇಸಿನ್ನಿನ ನಲ್ಲಿಗೆ ಏರೇಟರ್, ಅಂದರೆ ಧಾರೆಗೆ ಗಾಳಿ ಬೆರೆಸಿ ನೀರು ಕಡಿಮೆ ಬಿಡುವ ಜಾಲರಿ, ಹಾಕಿದರೆ ಅದು ಇನ್ನೂ ಇಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಏರೇಟರ್ ಕಡ್ಡಾಯ ಮಾಡಿದಾಗ ಎಲ್ಲರೂ ಅದನ್ನು ಹುಡುಕಿಕೊಂಡು ಅಲೆದದ್ದು ನೆನಪಿರಬಹುದು. ಅಗ್ಗದ ವಸ್ತು.

ಹೀಗಾಗಿ ನನ್ನ ಅಭಿಪ್ರಾಯ ಖಡಾಖಂಡಿತ. ನೀರು ಉಳಿಸುವುದು ಎರಡು ಗುಂಡಿಯ ಟ್ಯಾಂಕ್ ಮತ್ತು ಅದಕ್ಕೆ ತಕ್ಕ ಕಮೋಡ್. ಮೇಲಿನ ಬೇಸಿನ್ ಉಳಿಸುವುದು ಮುಖ್ಯವಾಗಿ ಜಾಗ. ಮಾರುವವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತಾರೆ, ಕೊಳ್ಳುವವರು ಬಿಡಿಸಿ ನೋಡಬೇಕು.

‘ಅದಕ್ಕೆ ತಕ್ಕ ಕಮೋಡ್’ ಎಂದದ್ದಕ್ಕೆ ಕಾರಣವಿದೆ. ಹತ್ತು ಲೀಟರಿಗೆಂದು ಮಾಡಿದ ಹಳೆಯ ಪ್ಯಾನಿಗೆ ಆರು ಲೀಟರಿನ ಟ್ಯಾಂಕ್ ಜೋಡಿಸಿದರೆ ಒಂದು ಸಲಕ್ಕೆ ಹೋಗುವುದಿಲ್ಲ, ಎರಡು ಸಲ ಒತ್ತುತ್ತೀರಿ, ಲೆಕ್ಕ 12ಕ್ಕೆ ಹೋಗುತ್ತದೆ. 1980ರಲ್ಲಿ ಆಸ್ಟ್ರೇಲಿಯಾದ ಕರೋಮಾ ಕಂಪನಿ ಎರಡು ಗುಂಡಿಯ ಟ್ಯಾಂಕನ್ನು ಮಾರುಕಟ್ಟೆಗೆ ತಂದಾಗ ಅದು 11 ಮತ್ತು 5.5 ಲೀಟರಿನದಾಗಿತ್ತು. ಮುಂದೆ ನೀರು ಇಳಿಸುತ್ತ ಹೋದಾಗಲೆಲ್ಲ ಕಮೋಡಿನ ಒಳ ಆಕಾರವನ್ನೂ ಬದಲಿಸಬೇಕಾಯಿತು.

ಇಟ್ಟಿಗೆ ಹಾಕುವ ಉಪಾಯ ಯಾರಾದರೂ ಹೇಳುವ ಮುನ್ನ: ಬೇಡ. ಇಟ್ಟಿಗೆ ಕರಗಿ ಮರಳು ವಾಲ್ವಿನ ಕೆಳಗೆ ಸೇರುತ್ತದೆ.

ಪರೇಲ್ ಚೊಂಬು

ಎಲ್ಲರೂ ದೂರದ ದೇಶಗಳನ್ನು ಸುತ್ತಿ ಬಂದಿರಿ. ನೆಲಮಟ್ಟದ ಪ್ಯಾನಿಗೆ ಎರಡು ಲೀಟರಿನ ಚೊಂಬು ಸಾಕು. ಹಳ್ಳಿಗಳ ಶೌಚಾಲಯಕ್ಕೆಂದು ಮಾಡಿದ, ಕಡಿದಾದ ಇಳಿಜಾರಿನ ಪ್ಯಾನ್ ಇದೆ, ವಾಸನೆ ತಡೆಯಲು ನೀರು ನಿಲ್ಲುವ ಅದರ ಬಾಗಿದ ಕೊಳವೆಯಲ್ಲಿ, ಅಂದರೆ ಟ್ರ್ಯಾಪಿನಲ್ಲಿ, 20 ಮಿಲಿಮೀಟರ್ ನೀರು ಮಾತ್ರ ನಿಲ್ಲುತ್ತದೆ. ಒಂದೂವರೆ, ಎರಡು ಲೀಟರಿಗೆ ಶುಚಿಯಾಗುತ್ತದೆ. ಯಾವ ಜಪಾನೂ ಇದನ್ನು ಮೀರಿಸಿಲ್ಲ.

ಠಾಣೆ ಕೊಳಾಯಿ

ಮಾತು ನಿಜ. ಆದರೆ ಅದು ಹತ್ತಿರದಲ್ಲಿಯೇ ಮಲದ ಗುಂಡಿ ಇರುವ ಕಡೆಗೆ. ನಾಲ್ಕು ಮಹಡಿಯ ಕಟ್ಟಡದ ಉದ್ದನೆಯ ನಾಲ್ಕಿಂಚಿನ ಪೈಪಿನಲ್ಲಿ ಎರಡು ಲೀಟರ್ ನೀರು ಕಲ್ಮಷವನ್ನು ಕೊನೆಯವರೆಗೆ ಒಯ್ಯಲಾರದು. ಮೇಲಾಗಿ ಪ್ರಶ್ನೆ ಕೇಳಿದವರ ಅತ್ತೆಗೆ ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲ.

ಪರೇಲ್ ಚೊಂಬು

ಅತ್ತೆಯ ಮೊಣಕಾಲಿನ ಮುಂದೆ ನನ್ನ ವಾದ ಸೋತಿತು. ಹಾಂಗ್‌ಕಾಂಗಿನಲ್ಲಿ ಬಹುಪಾಲು ಜನರ ಮನೆಯಲ್ಲಿ ಸಮುದ್ರದ ನೀರಿನಿಂದಲೇ ಫ್ಲಶ್ ಆಗುತ್ತದೆ ಎಂಬುದನ್ನಾದರೂ ಹೇಳಿ ಹೊರಡುತ್ತೇನೆ. ಮೂರು ಕಡೆ ಸಮುದ್ರ ಇಟ್ಟುಕೊಂಡು ನಾವು ತಾನ್ಸಾ, ಭಾತ್ಸಾ, ವೈತರಣೆ ಜಲಾಶಯಗಳಿಂದ ಪೈಪಿನಲ್ಲಿ ತಂದು, ಶುದ್ಧೀಕರಿಸಿ, ಆಮೇಲೆ ಸರಪಳಿ ಎಳೆಯುತ್ತೇವೆ.

ಅಂಧೇರಿ ಒಳಾಂಗಣ

ಸಣ್ಣ ಮನೆಗಳ ಒಳಾಂಗಣ ವಿನ್ಯಾಸ ನನ್ನ ವೃತ್ತಿ. ಮಾರುಕಟ್ಟೆಯಲ್ಲಿ ಏನೇನಿದೆ ಎಂದು ಹೇಳುತ್ತೇನೆ. ತುದಿಯಲ್ಲಿರುವುದು ಸ್ಪೇನಿನ ರೋಕಾ ಕಂಪನಿಯ ‘ಡಬ್ಲ್ಯೂ ಪ್ಲಸ್ ಡಬ್ಲ್ಯೂ’. ಕಮೋಡ್ ಮತ್ತು ಬೇಸಿನ್ ಒಂದೇ ತುಂಡಿನಲ್ಲಿ ಮೂಲೆ ತಿರುಗಿದ ಆಕಾರದಲ್ಲಿವೆ. ಬೇಸಿನ್ನಿನ ನೀರು ಶೋಧನೆಯಾಗಿ ಟ್ಯಾಂಕಿಗೆ ಹೋಗುತ್ತದೆ. ಸಾಮಾನ್ಯ 6/3 ಲೀಟರಿನ ಟ್ಯಾಂಕಿಗಿಂತ ಶೇಕಡಾ 25ರವರೆಗೆ ಉಳಿತಾಯ ಎಂದು ಕಂಪನಿ ಹೇಳುತ್ತದೆ. ಚಿತ್ರದಲ್ಲಿ ಕಣ್ಣು ಕೀಳಲಾಗದಷ್ಟು ಚೆಂದ. ಅದರ ಬೆಲೆಗೆ ಘಾಟ್‌ಕೋಪರಿನ ಆ ಇಡೀ ಶೌಚಾಲಯವನ್ನು ಹಲವು ಬಾರಿ ಒಡೆದು ಕಟ್ಟಬಹುದು. ನಡುವೆ ಆಸ್ಟ್ರೇಲಿಯಾ, ಜಪಾನುಗಳ ಟ್ಯಾಂಕಿನ ಮೇಲಿನ ಬೇಸಿನ್‌ಗಳಿವೆ. ಕೊನೆಗೆ, ಇರುವ ಟ್ಯಾಂಕಿನ ಮುಚ್ಚಳದ ಬದಲು ಕೂರಿಸುವ ಪ್ಲಾಸ್ಟಿಕ್ ಬೇಸಿನ್ನುಗಳು. ಇವನ್ನು ಕೊಳ್ಳುವ ಮುನ್ನ ನಿಮ್ಮ ಟ್ಯಾಂಕಿನ ಮುಚ್ಚಳದ ಅಳತೆ ತೆಗೆಯಿರಿ, ಫ್ಲಶ್ ಗುಂಡಿ ಎಲ್ಲಿದೆ ಎಂದೂ ನೋಡಿ. ನಮ್ಮಲ್ಲಿ ಗುಂಡಿ ಬಹುತೇಕ ಮುಚ್ಚಳದ ನಟ್ಟನಡುವೆ ಇರುತ್ತದೆ, ಅಲ್ಲಿಯೇ ಬೇಸಿನ್ನಿನ ತೂತು ಬರಬೇಕು. ಟ್ಯಾಂಕಿನ ಪಕ್ಕದಲ್ಲಿ ಹಿಡಿಯಿರುವ ಮಾದರಿಗೆ ಮಾತ್ರ ಇದು ಒಗ್ಗುತ್ತದೆ.

ಇನ್ನು ಜಾಗದ ವಿಚಾರ. ಮೂರಡಿ-ನಾಲ್ಕಡಿ ಎಂದರೆ 1.1 ಚದರ ಮೀಟರ್. ಕಟ್ಟಡ ಸಂಹಿತೆ ಒಂದು ಶೌಚಾಲಯಕ್ಕೆ ಕೇಳುವ ಕನಿಷ್ಠ ಅಳತೆಯೇ ಅದು, ಅಗಲ 0.9 ಮೀಟರ್. ನಿಮ್ಮ ಕಟ್ಟಡ ಕಟ್ಟಿದವನು ಒಂದು ಅಂಗುಲವನ್ನೂ ದಾನ ಮಾಡಿಲ್ಲ. ಟ್ಯಾಂಕ್ ಸಹಿತ ಕಮೋಡ್ ಗೋಡೆಯಿಂದ 65 ಸೆಂಟಿಮೀಟರ್ ಮುಂದೆ ಬರುತ್ತದೆ. ಉಳಿಯುವುದು 57. ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಮೊದಲು ಅದನ್ನು ಹೊರಕ್ಕೆ ತಿರುಗಿಸಿ. ಇದಕ್ಕೆ ಕಬ್ಜ ಬದಲಿಸಿದರೆ ಸಾಕು, ಬೇರೆ ಯಾವ ಖರ್ಚಿನಿಂದಲೂ ಇಷ್ಟು ಜಾಗ ಸಿಗುವುದಿಲ್ಲ. ಗೋಡೆಯೊಳಗೆ ಟ್ಯಾಂಕ್ ಅಡಗಿಸುವ ಕಮೋಡ್ ಜಾಗ ಉಳಿಸುತ್ತದೆ ಎಂದು ಹೇಳುವವರ ಮಾತಿಗೆ ಮರುಳಾಗಬೇಡಿ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಅದನ್ನು ಅಡಗಿಸಲು ಮುಂದೆ ಇನ್ನೊಂದು ಗೋಡೆ ಎಬ್ಬಿಸಬೇಕು. ಉಳಿಸಿದ್ದು ಅಲ್ಲಿಯೇ ಹೋಯಿತು.

ನನ್ನ ಸಲಹೆ: ಹನ್ನೆರಡು ಇಂಚಿನ ಮೂಲೆ ಬೇಸಿನ್. ಬಾಗಿಲ ಪಕ್ಕದ ಮೂಲೆಯಲ್ಲಿ.

ಡೊಂಬಿವಲಿ ಲೋಕಲ್

ಆ ಬೇಸಿನ್ನಿನ ನೀರು ಎಲ್ಲಿಗೆ ಹೋಗಬೇಕು? ಹಳೆಯ ಮುಂಬೈ ಶೌಚಾಲಯಗಳ ನೆಲದಲ್ಲಿ ನಹಾನಿ, ಅಂದರೆ ನೀರು ಹೊರಹೋಗುವ ಜಾಲರಿ ತೂತು, ಇರುವುದಿಲ್ಲ. ನೆಲದ ನೀರೆಲ್ಲ ಪ್ಯಾನಿಗೇ ಹರಿಯುತ್ತದೆ. ಪ್ಯಾನ್ ತೆಗೆದು ಕಮೋಡ್ ಇಟ್ಟ ಮೇಲೆ ಆ ದಾರಿಯೂ ಮುಚ್ಚಿತು. ಹೊಸ ನಹಾನಿ ಎಂದರೆ ಸ್ಲ್ಯಾಬ್ ಕೊರೆಯಬೇಕು, ಕೆಳಗಿನ ಮನೆಯವರ ಸೂರಿಗೆ ಕೈ ಹಾಕಬೇಕು, ಸೊಸೈಟಿಯ ಕಮಿಟಿ ಎದ್ದು ಕೂರುತ್ತದೆ. ನೀರು, ಜಾಗ ಎಂದೆಲ್ಲ ಮಾತಾಡಿದಿರಿ. ಟ್ಯಾಂಕಿನ ಮೇಲಿನ ಬೇಸಿನ್ನಿನ ನಿಜವಾದ ಲಾಭ ಇದು: ಅದಕ್ಕೆ ಪ್ರತ್ಯೇಕ ಹೊರದಾರಿ ಬೇಡ.

ಅಂಧೇರಿ ಒಳಾಂಗಣ

ಒಳ್ಳೆಯ ಮಾತು. ನಾನು ನಹಾನಿ ಇದೆ ಎಂದೇ ಭಾವಿಸಿ ಬರೆದೆ.

ಠಾಣೆ ಕೊಳಾಯಿ

ಡೊಂಬಿವಲಿಯವರಿಗೆ ಪೂರ್ತಿ ಅಂಕ. ಆದರೆ ಸ್ಲ್ಯಾಬ್ ಮುಟ್ಟದೆಯೂ ದಾರಿ ಇದೆ, ಇದನ್ನು ಮಾಡಿಸಿದ್ದೇನೆ.

ಇಂಥ ಕಟ್ಟಡಗಳಲ್ಲಿ ಶೌಚಾಲಯದ ಹಿಂದಿನ ಗೋಡೆಯ ಆಚೆ ಡಕ್ಟ್, ಅಂದರೆ ಪೈಪುಗಳಿಗೆಂದು ಬಿಟ್ಟ ಸಂದು, ಇರುತ್ತದೆ. ಅಲ್ಲಿ ಎರಡು ಪೈಪು ನಿಂತಿರುತ್ತವೆ. ದಪ್ಪನೆಯದು ಮಲದ ಪೈಪು, ಇನ್ನೊಂದು ಬಚ್ಚಲು ನೀರಿನದು. ಬಾಗಿಲ ಮೂಲೆಯ ಬೇಸಿನ್ನಿನಿಂದ 40 ಮಿಲಿಮೀಟರಿನ ಪೈಪನ್ನು ಪಕ್ಕದ ಗೋಡೆಯ ಬುಡದಲ್ಲಿ ಹಿಂದಿನವರೆಗೆ ಒಯ್ಯಬೇಕು. ಉದ್ದ ನಾಲ್ಕಡಿ. ನಲವತ್ತಕ್ಕೆ ಒಂದರ ಇಳಿಜಾರು ಎಂದರೂ ಬೇಕಾದ ಇಳಿತ ಮೂರೇ ಸೆಂಟಿಮೀಟರ್. ಹಿಂದಿನ ಗೋಡೆಯಲ್ಲಿ ಯಂತ್ರದಿಂದ ಒಂದು ತೂತು ಕೊರೆಸಿ ಡಕ್ಟಿನ ಬಚ್ಚಲು ಪೈಪಿಗೆ ಸೇರಿಸಿ. ಮಲದ ಪೈಪಿಗೆ ಸೇರಿಸಲು ಪ್ಲಂಬರ್ ಮುಂದಾದರೆ ಒಪ್ಪಬೇಡಿ. ಹತ್ತಿರ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅವರು ಹಾಗೆ ಮಾಡುತ್ತಾರೆ, ಆಮೇಲೆ ಬೇಸಿನ್ನಿನಿಂದ ನಾರುವ ಗಾಳಿ. ಬೇಸಿನ್ನಿನ ಕೆಳಗೆ, ನೀರು ನಿಲ್ಲಿಸಿ ವಾಸನೆ ತಡೆಯುವ ಬಾಟಲ್ ಟ್ರ್ಯಾಪ್ ಇರಲೇಬೇಕು.

ಡಕ್ಟ್ ಸೊಸೈಟಿಯ ಆಸ್ತಿ. ಕೆಲಸ ಆರಂಭಿಸುವ ಮುನ್ನ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಮಾಟುಂಗಾ ಹಳಬಳು

ಇಷ್ಟೆಲ್ಲ ಆಯಿತು, ಅತ್ತೆಯವರನ್ನು ಯಾರಾದರೂ ಕೇಳಿದಿರಾ?

ಘಾಟ್‌ಕೋಪರ್ ಸೊಸೆ

ಕೇಳಿದೆ, ಬರೀ ಕೇಳಲಿಲ್ಲ. ನಿನ್ನೆ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಗೋಡೆಗೆ ಒತ್ತಿ ಟಿನ್ನಿನ ಪೆಟ್ಟಿಗೆಗಳನ್ನು ಮೂರಡಿ ಎತ್ತರಕ್ಕೆ ಪೇರಿಸಿ, ಮೇಲೆ ಒಂದು ಬೋಗುಣಿ ಇಟ್ಟೆವು. ಅದು ಟ್ಯಾಂಕಿನ ಮೇಲಿನ ಬೇಸಿನ್. ಅದರ ಮುಂದೆ ಕಮೋಡಿನ ಜಾಗಕ್ಕೆ ಒಂದು ಸ್ಟೂಲ್ ಇಟ್ಟು, ಅಂಧೇರಿಯವರು ಹೇಳಿದ 65 ಸೆಂಟಿಮೀಟರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅತ್ತೆ ಗೆರೆಯ ಈಚೆ ನಿಂತು ಬೋಗುಣಿಗೆ ಕೈ ಚಾಚಿದರು. ಬಲಗೈ ಮುಟ್ಟಿತು. ಎರಡೂ ಕೈ ಒಟ್ಟಿಗೆ ಚಾಚುವಾಗ ಸ್ಟೂಲಿಗೆ ಮೊಣಕಾಲು ತಾಗಿ, ಬೀಳದಿರಲು ಎಡಗೈಯಿಂದ ಪೆಟ್ಟಿಗೆಯನ್ನೇ ಹಿಡಿದುಕೊಂಡರು. ಮೇಲಿನ ಪೆಟ್ಟಿಗೆ ಜರುಗಿತು. ‘ನಿಮ್ಮ ಜಪಾನು ನಿಮಗಿರಲಿ’ ಎಂದು ಹೇಳಿ ಒಳಗೆ ಹೋಗಿ ಕೂತರು.

ಮಗಳಿಗೂ ಎಟುಕಲಿಲ್ಲ. ಅವಳಿಗೆ ಎಂಟು ವರ್ಷ.

ವಾಶಿ, ಹಿಂದೆ ನಗೋಯಾ

ಇದು ನನಗೆ ಹೊಳೆದಿರಲಿಲ್ಲ. ಅಲ್ಲಿಯ ಕಮೋಡುಗಳು ಗಿಡ್ಡ, ಕೋಣೆ ಕಿರಿದು, ಪಕ್ಕದ ಗೋಡೆಗೆ ಕೈ ಊರಿ ಬಗ್ಗುತ್ತಿದ್ದೆ. ಮೊಣಕಾಲು ನೋವಿದ್ದರೆ ಖಂಡಿತ ಕಷ್ಟ.

ಡೊಂಬಿವಲಿ ಲೋಕಲ್

ನಮ್ಮ ಮನೆಯಲ್ಲಿ ಇರುವುದು ನಾವಿಬ್ಬರೇ, ಇಬ್ಬರಿಗೂ ಮೊಣಕಾಲು ನೆಟ್ಟಗಿದೆ. ಹಲ್ಲುಜ್ಜುವ ಬೇಸಿನ್ ಹೊರಗಡೆ ಇದೆ. ನೀರಿನ ಒತ್ತಡ ಮೇಲ್ಛಾವಣಿಯ ಟ್ಯಾಂಕಿನಿಂದ ಚೆನ್ನಾಗಿ ಬರುತ್ತದೆ, ನಾವು ನೆಲಮಹಡಿಯವರು. ಡಕ್ಟಿಗೆ ಕೈ ಹಾಕಲು ಕಮಿಟಿ ಬಿಡುವುದಿಲ್ಲ. ಹಾಗಾದರೆ ಟ್ಯಾಂಕಿನ ಮೇಲಿನ ಬೇಸಿನ್ ನನಗೆ ಸರಿ ಅಲ್ಲವೇ?

ಠಾಣೆ ಕೊಳಾಯಿ

ನಿಮಗೆ ಸರಿ. ಪಕ್ಕದಲ್ಲಿ ಹಿಡಿಯಿರುವ ಟ್ಯಾಂಕ್ ನೋಡಿ ಕೊಳ್ಳಿ, ಬಿಡಿಭಾಗ ಇಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಆಮದು ವಾಲ್ವ್ ಕೆಟ್ಟರೆ ಹಾರ್ಡ್‌ವೇರ್ ಅಂಗಡಿಗಳ ನಾಗದೇವಿ ಬೀದಿಯನ್ನು ಎಷ್ಟು ಸುತ್ತಿದರೂ ಅದರ ಜೋಡಿ ಸಿಗುವುದಿಲ್ಲ.

ಘಾಟ್‌ಕೋಪರ್ ಸೊಸೆ

ನಾವು ತೀರ್ಮಾನಿಸಿದ್ದು ಇದು. 6/3 ಲೀಟರಿನ ಕಮೋಡ್, ಬಾಗಿಲ ಪಕ್ಕ ಮೂಲೆ ಬೇಸಿನ್, ನೀರು ಗೋಡೆಯ ಬುಡದ ಪೈಪಿನಲ್ಲಿ ಡಕ್ಟಿಗೆ. ಬಾಗಿಲು ಹೊರಕ್ಕೆ. ಕಾರ್ಯದರ್ಶಿ ಒಪ್ಪಿಗೆ ಪತ್ರ ಕೊಟ್ಟರು, ಆದರೆ ಕೆಳಗಿನ ಮನೆಯ ಸೂರಿನ ಫೋಟೊ ಈಗಲೇ ತೆಗೆದಿಡಿ ಎಂದರು. ಮುಂದೆ ತೇವ ಕಂಡರೆ ಯಾರದು ಎಂಬ ಜಗಳ ಬಾರದಿರಲಿ ಎಂದು. ಜಾಣ ಮನುಷ್ಯ.

ಒಂದು ಪ್ರಶ್ನೆ ಉಳಿದಿದೆ. ಬೇಸಿನ್ನಿನ ನೀರನ್ನು ಡಕ್ಟಿಗೆ ಬಿಡುವ ಬದಲು ಕೆಳಗೆ ಬಕೆಟ್ ಇಟ್ಟು ಹಿಡಿದು ಫ್ಲಶ್‌ಗೆ ಸುರಿದರೆ?

ವಾಕಡ್ ಟ್ಯಾಂಕರ್

57 ಸೆಂಟಿಮೀಟರಿನಲ್ಲಿ ಬಕೆಟ್ ಎಲ್ಲಿಡುತ್ತೀರಿ, ಅತ್ತೆ ಎಡವಬೇಕೇ? ಬಕೆಟ್ ಬಚ್ಚಲಿನಲ್ಲಿರಲಿ. ಬಟ್ಟೆ ಒಗೆಯುವ ಯಂತ್ರದ ಕೊನೆಯ ನೀರು, ನೀರು ಶುದ್ಧಿಯ ಯಂತ್ರ ಹೊರಹಾಕುವ ನೀರು, ಎರಡನ್ನೂ ಅಲ್ಲಿ ಹಿಡಿಯಿರಿ. ಟ್ಯಾಂಕರ್ ಬಾರದ ದಿನ ನಮ್ಮ ಮನೆ ನಡೆಯುವುದು ಅದರಿಂದಲೇ. ಸೋಪಿನ ನೀರನ್ನು ಮಾತ್ರ ಮಾರನೆಯ ದಿನಕ್ಕೆ ಉಳಿಸಬೇಡಿ, ಅದೇ ದಿನ ಸುರಿದುಬಿಡಿ.

ಠಾಣೆ ಕೊಳಾಯಿ

ಕೆಲಸ ಮುಗಿದ ಮೇಲೆ ಪ್ಲಂಬರಿಗೆ ಕೊನೆಯ ಕಂತು ಕೊಡುವ ಮುನ್ನ ಟ್ಯಾಂಕಿನ ನೀರಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ, ಅರ್ಧ ತಾಸು ಯಾರೂ ಫ್ಲಶ್ ಮಾಡಬೇಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ವಾಲ್ವ್ ಸೋರುತ್ತಿದೆ. ಕಣ್ಣಿಗೆ ಕಾಣದ ಆ ಸೋರಿಕೆ ಹಗಲೂ ರಾತ್ರಿ ನಡೆದು, ನಾನು ಲೆಕ್ಕ ಹಾಕಿದ 128 ಲೀಟರನ್ನು ಸದ್ದಿಲ್ಲದೆ ನುಂಗುತ್ತದೆ. ಹೊಸ ಟ್ಯಾಂಕಿನಲ್ಲಿಯೂ ಇದನ್ನು ಕಂಡಿದ್ದೇನೆ.

ಮಾಟುಂಗಾ ಹಳಬಳು

ಗೋಡೆ ಒಡೆದಿರುವಾಗಲೇ ಅತ್ತೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಕೂತಾಗ ಬಲಗೈಗೆ ಸಿಗುವ ಹಾಗೆ, ಟೈಲ್ಸ್ ಮೇಲೆ ಅಂಟಿಸುವುದಲ್ಲ, ಗೋಡೆಯೊಳಗೆ ಬೋಲ್ಟ್ ಇಳಿಸಿ. ಇಲ್ಲದಿದ್ದರೆ ಅವರು ಏಳುವಾಗ ಹಿಡಿಯುವುದು ಆ ಮೂಲೆ ಬೇಸಿನ್ನನ್ನೇ, ಮತ್ತು ಅದು ಎರಡು ಸ್ಕ್ರೂಗಳ ಮೇಲೆ ನಿಂತಿರುತ್ತದೆ.

ಘಾಟ್‌ಕೋಪರ್ ಸೊಸೆ

ಕಂಬಿ ಪಟ್ಟಿಗೆ ಸೇರಿತು. ಬುಧವಾರ ಒಡೆಯುವವರು ಬರುತ್ತಾರೆ. ಬೀಡಿನ ಟ್ಯಾಂಕನ್ನು ಗುಜರಿಯವನು ಈಗಲೇ ಬಂದು ತೂಕ ಕೇಳಿ ಹೋಗಿದ್ದಾನೆ.